ಉಪವಾಸದಿಂದ ಏರಿದ ತೂಕ

ತಿಂದದ್ದಕ್ಕಿಂತ ಬಿಟ್ಟದ್ದು ಮನುಷ್ಯರಿಗೆ ಚೆನ್ನಾಗಿ ನೆನಪಿರುತ್ತದೆ. ಮದುವೆಮನೆಯಲ್ಲಿ ಎರಡನೇ ಹೋಳಿಗೆ ಬೇಡವೆಂದದ್ದನ್ನು ನಾನು ವಾರಗಟ್ಟಲೆ ಹೇಳಿಕೊಂಡು ತಿರುಗಬಲ್ಲೆ. ಮೊದಲನೆಯದನ್ನು ತಿಂದದ್ದೂ, ಮೂರನೆಯದು ಹೇಗೋ ಎಲೆಗೆ ಬಿದ್ದದ್ದೂ ಮರುದಿನಕ್ಕೇ ಮಸುಕು. ದಿನಚರಿ ಬರೆಯುವ ಅಭ್ಯಾಸವಿದೆ ನಿಜ, ಆದರೆ ಬರೆಯುವವಳೂ ನಾನೇ ತಾನೆ? ಇದನ್ನೂ ಸ್ವಲ್ಪ ಅನುಮಾನದಿಂದಲೇ ಓದಿಕೊಳ್ಳಿ.

ಶುರುವಾದದ್ದು ಬೆರಳಿನಿಂದ. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು. ಪೇಸ್ಟಿನ ಮುಚ್ಚಳ ತಿರುಗಿಸಲು ಗಂಡನನ್ನು ಎಬ್ಬಿಸಬೇಕು. ಶಿವಮೊಗ್ಗದ ಡಾಕ್ಟರಮ್ಮ ಗೆಣ್ಣುಗಳನ್ನು ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳ ಉರಿಯೂತ, ಎಂದರು. ಅಲ್ಲಿಗೇ ಬಿಡಲಿಲ್ಲ. ತೂಕ ನೋಡಿದರು, ಬಿಪಿ ನೋಡಿದರು, ಇಸಿಜಿಗೂ ಕಳಿಸಿದರು. ಕೈ ತೋರಿಸಲು ಹೋದವಳ ಎದೆಯ ಉಸಾಬರಿ ಇವರಿಗೇಕೆ ಎಂದು ನನಗೆ ಕುತೂಹಲ.

“ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?” ಎಂದು ಕೇಳಿದರು.

“ನಾನು ಮೆಟ್ಟಿಲು ಹತ್ತೋದೇ ಇಲ್ಲ” ಎಂದೆ.

“ಬರುತ್ತೆ ಅಂತ ಅರ್ಥ” ಎಂದು ನನ್ನವರು ಅನುವಾದಿಸಿದರು.

“ನೋಡಿ ಅಮ್ಮಾ, ಬೆರಳಲ್ಲಿರೋ ಉರಿಯೂತ ಬೆರಳಲ್ಲೇ ಕೂತಿರಲ್ಲ. ರಕ್ತನಾಳಕ್ಕೂ ಹೊಡೆತ ಕೊಡುತ್ತೆ. ಅದರ ಮೇಲೆ ಈ ತೂಕ ಸೇರಿದ್ರೆ ಹೃದಯಕ್ಕೆ ಎರಡು ಹೊರೆ. ಮಾತ್ರೆನೂ ಸರಿಯಾಗಿ ಕೆಲಸ ಮಾಡಲ್ಲ. ಇಸಿಜಿ ಸದ್ಯಕ್ಕೆ ಸರಿಯಿದೆ, ಬಿಪಿ ಜಾಸ್ತಿ ಇದೆ. ಮುಂದಿನ ಸಲ ಬರೋಷ್ಟರಲ್ಲಿ ತೂಕ ಇಳಿಸ್ಲೇಬೇಕು.”

ಹೊರಗೆ ಬಂದು ಲೆಕ್ಕ ಹಾಕಿದೆ. ಬೆರಳು ಕೈಕೊಟ್ಟರೆ ಗಂಡನನ್ನು ಎಬ್ಬಿಸಬಹುದು. ಎದೆ ಕೈಕೊಟ್ಟರೆ ಯಾರನ್ನು ಎಬ್ಬಿಸುವುದು?

ತೂಕ ಇಳಿಸಲು ನನಗೆ ಗೊತ್ತಿದ್ದ ದಾರಿ ಒಂದೇ, ಉಪವಾಸ. ಸೋಮವಾರ ಮೊದಲಿನಿಂದಲೂ ಇತ್ತು. ಜೊತೆಗೆ ಶನಿವಾರವನ್ನೂ ಹಿಡಿದೆ. ಸೋಮವಾರದ ಪೂಜೆ ಭದ್ರಾವತಿಯ ಜನ್ನಾಪುರದಲ್ಲಿ, ಅಕ್ಕನ ಮನೆಯಲ್ಲಿ. ಅಕ್ಕನ ಉಪವಾಸಕ್ಕೆ ನಿಯಮ ಬಲು ಕಟ್ಟುನಿಟ್ಟು: ಅನ್ನ ಮುಟ್ಟುವ ಹಾಗಿಲ್ಲ. ಉಳಿದದ್ದು ಫಲಾಹಾರ. ಅಂದರೆ ತುಪ್ಪ ಸುರಿದ ಉಪ್ಪಿಟ್ಟು, ಬಾಳೆಹಣ್ಣಿನ ರಸಾಯನ, ಬೆಲ್ಲದವಲಕ್ಕಿ, ಸಬ್ಬಕ್ಕಿ ವಡೆ.

“ಅಕ್ಕಾ, ಅವಲಕ್ಕಿನೂ ಅಕ್ಕಿದೇ ಅಲ್ವೇನೆ?” ಎಂದು ಒಮ್ಮೆ ಕೇಳಿದೆ.

“ಕುಟ್ಟಿದ ಮೇಲೆ ಅದೆಲ್ಲಿ ಅಕ್ಕಿ ಮಾರಾಯ್ತಿ? ಓದಿದವರದ್ದು ಇದೇ ಗೋಳು. ಬೆಳಗ್ಗಿಂದ ಹೊಟ್ಟೆಗಿಲ್ಲ, ಸುಮ್ನೆ ತಿನ್ನು” ಎಂದು ಇನ್ನೊಂದು ಸೌಟು ಬಡಿಸಿದಳು.

ಮುಂದಿನ ಸಲ ತಕ್ಕಡಿ ಹತ್ತಿದರೆ ತೂಕ ಏರಿದೆ! ತಕ್ಕಡಿ ಕೆಟ್ಟಿದೆಯೇನೋ ಎಂದು ನನ್ನವರನ್ನೂ ಹತ್ತಿಸಿದೆ. ಅವರದು ಇದ್ದಷ್ಟೇ ಇತ್ತು. ಡಾಕ್ಟರಮ್ಮ ಉಪವಾಸದ ಪೂರ್ತಿ ವಿವರ ಕೇಳಿದರು. ನಾನು ಹೇಳಿದೆ, ಬಿಟ್ಟದ್ದನ್ನು ನನ್ನವರು ತುಂಬಿದರು, ವಡೆ ಸಮೇತ.

“ಅಮ್ಮಾ, ದಯವಿಟ್ಟು ಉಪವಾಸ ಬಿಟ್ಟು ಊಟ ಮಾಡಿ. ಹೊತ್ತಿಗೆ ಸರಿಯಾಗಿ, ಮಿತವಾಗಿ. ದಿನಾ ನಡೀರಿ. ಬೆರಳು ನೋಯುತ್ತೆ ಅಂತ ಕಾಲನ್ನೂ ಕೂರಿಸ್ಬೇಡಿ.”

ಅಕ್ಕನಿಗೆ ಹೇಳಿದಾಗ ಮುಖ ಊದಿಸಿದಳು. “ಡಾಕ್ಟ್ರು ದೊಡ್ಡವರೋ, ಶಿವ ದೊಡ್ಡವನೋ?” ಎಂದಳು. ನಾನು ಎದೆಯ ಭಯಕ್ಕೆ ಡಾಕ್ಟರ ಪಕ್ಷ ಸೇರಿದೆ. ಮುದ್ದೆ, ಸೊಪ್ಪು, ತಪ್ಪದೆ ಮಾತ್ರೆ, ಸಂಜೆ ನಡಿಗೆ. ಕೆಲವು ತಿಂಗಳಲ್ಲಿ ಬಿಪಿ ತಗ್ಗಿತು, ಬಳೆ ಸಡಿಲವಾಯಿತು, ಮುಚ್ಚಳ ನನ್ನ ಕೈಗೇ ತಿರುಗಿತು.

ಮೊನ್ನೆ ಸೋಮವಾರ ಜನ್ನಾಪುರಕ್ಕೆ ಹೋದಾಗ ಅಕ್ಕ ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. “ನೋಡ್ದೇನೆ? ಇಷ್ಟು ವರ್ಷ ಹಿಡಿದ ಸೋಮವಾರ ಈಗ ಫಲ ಕೊಡ್ತಿದೆ. ಶಿವ ನಿಧಾನ, ಆದ್ರೆ ಕೊಡ್ತಾನೆ.”

ಅಲ್ಲ ಅಕ್ಕಾ, ಅದು ಉಪವಾಸ ಬಿಟ್ಟಿದ್ದರ ಫಲ ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ಬಿಸಿ ವಡೆಯೊಂದು ಬಂದು ಕೂತಿತು. ಅಗಿಯುತ್ತ, ಪೂರ್ತಿ ಒಪ್ಪಿದವಳಂತೆ ತಲೆಯಾಡಿಸಿದೆ. ಅರ್ಧ ಇಳಿದ ಮೇಲೆ ಹೊಳೆಯಿತು: ಶಿವಮೊಗ್ಗದ ಮನೆಯಲ್ಲಿ ಊಟ ಮುಗಿಸಿಕೊಂಡೇ ಬಸ್ಸು ಹತ್ತಿದ್ದೆ. ಈಗ ಅದರ ಮೇಲೆ ಉಪವಾಸವನ್ನೂ ಮಾಡುತ್ತಿದ್ದೇನೆ.