ಕೋಟೆಗುಡ್ಡಕ್ಕೆ ಬಾಯಿ ಮುಚ್ಚಿಕೊಂಡು ಹತ್ತಿದ್ದು

ದೇವರು ಕೆಲವರಿಗೆ ಹೊಲ ಕೊಡುತ್ತಾನೆ, ಕೆಲವರಿಗೆ ಬುದ್ಧಿ ಕೊಡುತ್ತಾನೆ. ನನಗೆ ಬಾಯಿ ಕೊಟ್ಟ. ತಮಿಳು ಸೀಮೆಯ ಚಿನ್ನಮನೂರಿನ ಬಾಳೆಕಾಯಿ ಮಂಡಿಯಲ್ಲಿ ಏಲಂ ಕೂಗುವುದೇ ನನ್ನ ಕಸುಬು. ದಿನವಿಡೀ ಕೂಗಿ ಬಂದರೂ ನನಗೆ ಗಂಟಲು ನೋಯುವುದಿಲ್ಲ. ನೋಯುವುದು ಮನೆಯವರ ಕಿವಿ ಎಂದು ಹೆಂಡತಿ ನಾಗಮ್ಮ ಹೇಳುತ್ತಾಳೆ. ನಿದ್ದೆಯಲ್ಲೂ ಗೊನೆಗೆ ಬೆಲೆ ಕಟ್ಟುತ್ತೇನಂತೆ. ಇಂಥವನ ಕೊರಳಿಗೆ ಮೌನವ್ರತ ಬೀಳಬೇಕೆ? ಹಣೆಬರಹ ಅನ್ನದೆ ಏನನ್ನಲಿ!

ನಮ್ಮೂರಾಚೆ ಒಂದು ಕಣ್ಮಾಯಿ, ಅಂದರೆ ಕೆರೆ. ಅದರ ದಂಡೆಗೇ ಅಂಟಿಕೊಂಡು ಕೋಟೆಗುಡ್ಡ. ಕೋಟೆ ಎಂದಾಕ್ಷಣ ದಿಂಡುಕ್ಕಲ್ಲಿನ ಕಲ್ಲುಕೋಟೆಯನ್ನು ನೆನೆಸಿಕೊಳ್ಳಬೇಡಿ. ಇಲ್ಲಿ ಬಾಗಿಲಿಲ್ಲ, ಬುರುಜಿಲ್ಲ. ನೆತ್ತಿಯ ಮೇಲೆ ಸಿಂಬೆ ಇಟ್ಟಂತೆ ಸುತ್ತಲೂ ಮಣ್ಣಿನ ದಿಬ್ಬ, ನಡುವೆ ಕೆಲವು ಕರಿಗಲ್ಲು, ಮಿಕ್ಕಿದ್ದೆಲ್ಲ ಮುಳ್ಳು. ಯಾವ ಕಾಲದವರು ಕಟ್ಟಿದರೋ ಯಾರಿಗೂ ಗೊತ್ತಿಲ್ಲ. ಕನ್ನಡ ಸೀಮೆ ಬಿಟ್ಟು ಬಂದ ನಮ್ಮ ಹಿರಿಯರು ಅಡಗಿದ್ದು ಅಲ್ಲಿಯೇ ಅಂತೆ. ಬೆನ್ನಟ್ಟಿ ಬಂದವರ ಕುದುರೆಗಳು ಕೆಳಗೆ ನೀರು ಕುಡಿಯುವಷ್ಟು ಹೊತ್ತೂ ಮೇಲೆ ಒಂದು ಹಸುಗೂಸು ಕೂಡ ಅಳಲಿಲ್ಲವಂತೆ. ಆದ್ದರಿಂದ ನಮ್ಮ ಮನೆತನದಲ್ಲಿ ಮಗಳ ಮದುವೆಯ ಮೊದಲ ವೀಳ್ಯವನ್ನು ತಂದೆಯಾದವನು ಆ ಕಲ್ಲುಗಳ ಮುಂದಿಟ್ಟು ಬರಬೇಕು. ಹತ್ತಿ ಇಳಿಯುವ ತನಕ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಮತ್ತೆ ಕೆಳಗಿನಿಂದ ಶುರು. ನನ್ನಂಥವನು ಆ ಗುಂಪಿನಲ್ಲಿದ್ದಿದ್ದರೆ ನಮ್ಮ ಕುಲ ಅಲ್ಲಿಗೇ ಮುಗಿದಿರುತ್ತಿತ್ತು.

ಅರವತ್ತರ ದಶಕದ ಮಾತಿದು, ಮದುವೆಯ ಊಟಕ್ಕೆ ಅಕ್ಕಿ ಹೊಂದಿಸುವುದೇ ಪ್ರಾಣಸಂಕಟವಾಗಿದ್ದ ಕಾಲ. ಅದರ ಓಡಾಟದಲ್ಲಿ ವೀಳ್ಯದ ಕೆಲಸ ಆನಿ ತಿಂಗಳ ಕೊನೆಯ ದಿನಕ್ಕೆ ಬಂದು ನಿಂತಿತು. ಮರುದಿನ ಆಡಿ, ಅಂದರೆ ತಮಿಳರ ಆಷಾಢ, ಹುಟ್ಟುತ್ತದೆ. ಆಡಿಯಲ್ಲಿ ಯಾರೂ ಮದುವೆಯ ಕೆಲಸ ಶುರು ಮಾಡುವುದಿಲ್ಲ. ಸೂರ್ಯ ಮುಳುಗುವುದರೊಳಗೆ ವೀಳ್ಯ ಇಟ್ಟರೆ ಆಡಿ ಕಳೆದು ಆವಣಿಯಲ್ಲಿ ಮದುವೆ, ಇಲ್ಲವಾದರೆ ಬೇರೆ ಹೆಣ್ಣು ನೋಡುತ್ತೇವೆಂದು ಮಾರ್ಕಯನ್‌ಕೋಟ್ಟೈ ಊರಿನ ಬೀಗರು ಹೇಳಿಬಿಟ್ಟಿದ್ದರು. ಮಗಳು ಕಾಮಾಕ್ಷಿಗೆ ಆ ಹುಡುಗನ ಮೇಲೆ ಜೀವ. ಹೊರಡುವಾಗ ನನ್ನ ಕೈ ಹಿಡಿದುಕೊಂಡು, “ಅಪ್ಪಾ, ನಿನ್ ಕಾಲಿಗ್ ಬೀಳ್ತೀನಿ, ಇವತ್ತೊಂದ್ ದಿನ ಬಾಯ್ ಮುಚ್ಕೊಂಡಿರಪ್ಪಾ,” ಎಂದಳು. ಹೆತ್ತ ಮಗಳು ಹೀಗೆ ಬೇಡಿಕೊಳ್ಳುವ ಹಾಗಾಯಿತಲ್ಲ ಎಂದು ನನಗೆ ಅಳುವೇ ಬಂತು.

ಸಾಕ್ಷಿಗೆಂದು ಬೀಗರು ಕೆರೆ ಏರಿಯ ಬೇವಿನ ಮರದಡಿ ಕೂತರು. ನಾನು ವೀಳ್ಯದ ತಟ್ಟೆ ಹಿಡಿದು ಹತ್ತಿದೆ. ಅರ್ಧ ದಾರಿಯಲ್ಲಿ ಆಡು ಮೇಯಿಸುತ್ತಿದ್ದ ಪರಿಚಯದವನೊಬ್ಬ, “ಅಣ್ಣಾಚ್ಚಿ, ಇವತ್ತು ಕಾಯಿ ಏನ್ ವಿಲೆ ಹೋಯ್ತು?” ಎಂದ. ಬಾಯಿಗೆ ಮೆದುಳಿನ ಅಪ್ಪಣೆ ಎಲ್ಲಿ ಬೇಕು? ಮಂಡಿಯ ರಾಗದಲ್ಲೇ ಬೆಲೆ ಕೂಗಿಬಿಟ್ಟೆ. ಬೇವಿನ ಮರದಡಿಯಿಂದ ಬೀಗರು ಕೈ ಬೀಸಿ ಕರೆದರು. ಅವರು ಬೆಲೆಯನ್ನೂ ಕೇಳಿಸಿಕೊಂಡಿದ್ದರು.

ಎರಡನೆಯ ಸಲ ನಾಗಮ್ಮ ಕಾವಲಿಗೆ ಬಂದಳು. ಎದುರಾದವರಿಗೆಲ್ಲ ಅವಳೇ ಉತ್ತರ ಕೊಟ್ಟಳು. ಅಂಗಾಲಿಗೆ ಮುಳ್ಳು ಚುಚ್ಚಿತ್ತು. ಆದರೂ ಉಸಿರೆತ್ತದೆ ಹತ್ತಿ ವೀಳ್ಯ ಇಟ್ಟು ಕೈಮುಗಿದೆ. ಕೆಳಗೆ ಕೆರೆ ತುಂಬಿ ಹೊಳೆಯುತ್ತಿತ್ತು. ಮನೆ, ಮಂಡಿ, ಮಕ್ಕಳೆಂದು ಒದ್ದಾಡುತ್ತಲೇ ಬದುಕಿದ ನಾವಿಬ್ಬರೂ ಹೀಗೆ ಒಂದು ಕಡೆ ಸುಮ್ಮನೆ ನಿಂತದ್ದೇ ನೆನಪಿಲ್ಲ. ನಾಗಮ್ಮ ನೀರನ್ನೇ ನೋಡುತ್ತ, “ಕಾಮಾಕ್ಷಿ ಹೋದ್ರೆ ಮನೆಯೆಲ್ಲ ಬಿಕೋ ಅಂತದೆ, ಅಲ್ವಾ?” ಎಂದಳು.

“ಹೂಂ,” ಎಂದೆ.

ನಾಗಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ಇಳಿಯುತ್ತಲೇ ಬೀಗರು, “ಸಂಬಂದೀ, ಮಾತಾಡ್ಲಿಲ್ಲ ತಾನೆ?” ಎಂದರು. ಕೋಟೆಯ ವಿಷಯದಲ್ಲಿ ಸುಳ್ಳಾಡಲು ನಾಗಮ್ಮನಿಗೆ ಭಯ. “ಹೂಂ ಅಂದ್ರು, ಅಷ್ಟೇ,” ಎಂದು ಒಪ್ಪಿಸಿಬಿಟ್ಟಳು.

ನಾನು ಬಿಡಲಿಲ್ಲ. ಹೂಂ ಅನ್ನುವುದು ಮಾತೇ ಅಲ್ಲ, ಹಸುಗಳೂ ಹೂಂ ಅನ್ನುತ್ತವೆ, ತುಟಿ ಕೂಡ ಬಿಚ್ಚಬೇಕಿಲ್ಲ ಎಂದು ಮಂಡಿಯೇ ಎದ್ದು ಬಂದಂತೆ ವಾದಿಸಿದೆ. ಬೀಗರು ಎಲೆಗೆ ಸುಣ್ಣ ಸವರುತ್ತ ಎಲ್ಲವನ್ನೂ ಕೇಳಿದರು.

“ಅಪ್ಪಡಿಯಾ, ಹಾಗೋ? ಹೋದ ತೈ ತಿಂಗ್ಳು ನಿಮ್ ತಿಣ್ಣೆ ಮೇಲೆ ಕೂತು, ಹೆಣ್ ಕೊಡ್ತೀರಾಂತ ನಾನ್ ಕೇಳ್ದೆ. ನೀವ್ ಏನಂದ್ರಿ?”

ನನ್ನ ಜೀವ ಬಾಯಿಗೆ ಬಂತು. ಅವತ್ತು ನನ್ನ ಬಾಯಿ ತುಂಬ ಎಲೆಯಡಿಕೆ ಇತ್ತು. ಜನ್ಮದಲ್ಲಿ ಒಂದೇ ಒಂದು ಸಲ ಚಿಕ್ಕದಾಗಿ ಉತ್ತರ ಕೊಟ್ಟಿದ್ದೆ.

“ಹೂಂ ಅಂದ್ರಿ. ಅದ್ನೇ ಮಾತೂಂತ ನಂಬಿ ನಾನು ಊರಿಗೆಲ್ಲ ಹೇಳ್ಕೊಂಡು ಬಂದೆ. ಅದು ಮಾತಲ್ಲಾಂದ್ರೆ ಈಗ್ಲೇ ಹೇಳ್ಬಿಡಿ, ನಾನ್ ಎದ್ ಹೋಗ್ತೀನಿ.”

ನಾಗಮ್ಮ ನನ್ನನ್ನೇ ನೋಡುತ್ತಿದ್ದಳು. ಸೂರ್ಯ ಪಡುವಣ ಬೆಟ್ಟಕ್ಕೆ ತಾಗುವುದರಲ್ಲಿದ್ದ. ಬೀಗರು ಹೊಸ ಎಲೆ ಜೋಡಿಸಿ ತಟ್ಟೆಯನ್ನು ನನ್ನತ್ತ ಚಾಚಿ, “ಹತ್ತೀರಾ?” ಎಂದರು.

“ಹೂಂ,” ಎಂದೆ.