ಪರದೆಯ ಹಿಂದಿನ ಒಂದೂವರೆ ನಿಮಿಷ

ನನ್ನನ್ನು ಎಷ್ಟು ಹೊತ್ತು ಬೇಕಾದರೂ ಕಾಯಿಸಿ, ಸಹಿಸಿಕೊಳ್ಳುತ್ತೇನೆ. ಯಾಕೆ ಕಾಯಿಸುತ್ತಿದ್ದೀರಿ ಎಂದು ಹೇಳದಿದ್ದರೆ ಮಾತ್ರ ಪಿತ್ತ ನೆತ್ತಿಗೇರುತ್ತದೆ. ಗೋಣಿಕೊಪ್ಪದ ಬಸ್ಸು ತಡವಾದರೆ ಕಂಡಕ್ಟರು 'ದಾರೀಲಿ ಆನೆ ಇತ್ತು ಮೇಡಂ' ಎನ್ನುತ್ತಾನೆ. ಆನೆ ಇತ್ತೋ ಇಲ್ಲವೋ, ಒಂದು ಕಾರಣವನ್ನಾದರೂ ಕೊಟ್ಟನಲ್ಲ. ನಾನು ನೋಡಿಕೊಳ್ಳುವ ಹುದಿಕೇರಿಯ ಲೈಬ್ರರಿಯ ಲಿನಕ್ಸ್ ಕಂಪ್ಯೂಟರಿಗೆ ಅಷ್ಟು ಮರ್ಯಾದೆಯೂ ಇರಲಿಲ್ಲ. ಬೆಳಿಗ್ಗೆ ಸ್ವಿಚ್ ಒತ್ತಿದರೆ ಪರದೆಯ ನಡುವೆ ಒಂದು ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಮೊದಲೆಲ್ಲ ಅರ್ಧ ನಿಮಿಷದಲ್ಲಿ ಏಳುತ್ತಿದ್ದದ್ದು ಈಗ ಎರಡು ನಿಮಿಷ ಎಳೆಯುತ್ತಿತ್ತು. ಪುಸ್ತಕ ಹಿಂದಿರುಗಿಸಲು ಬಂದವರು ನನ್ನ ಮುಖವನ್ನೇ ನೋಡುತ್ತಿದ್ದರು, ನಾನೇ ಒಳಗೆ ಕೂತು ಅದನ್ನು ಹಿಡಿದಿಟ್ಟ ಹಾಗೆ.

ಶನಿವಾರಸಂತೆ ಕಡೆಯ ಹೆಂಗಸು ನಾನು. ಸಿಟ್ಟು ಬಂದರೆ ಬಾಯಿ ನನ್ನ ಮಾತು ಕೇಳುವುದಿಲ್ಲ. ಲೈಬ್ರರಿಗೆ ಗೊತ್ತುಮಾಡಿದ್ದ ಕಂಪ್ಯೂಟರ್ ರಿಪೇರಿಯ ಹರೀಶನಿಗೆ ಫೋನ್ ಮಾಡಿ, "ಒಳಗಿನ ಒಳ್ಳೇ ಸಾಮಾನು ತೆಗೆದು ಹಳೇದು ಹಾಕಿದ್ದೀರಾ ಹೇಗೆ?" ಎಂದೆ. ಆತ, "ಹಾಗೆಲ್ಲ ಹೇಳ್ಬೇಡಿ ಮೇಡಂ, ನಾನು ಊಟ ಮಾಡೋದೇ ಈ ಕೆಲಸದಿಂದ" ಎಂದ. ಆ ಮಾತಿಗೆ ಕರಗಬೇಕಾಗಿತ್ತು. ಕರಗಲಿಲ್ಲ. ಅದೇ ಮಧ್ಯಾಹ್ನ ಮೇಲಿನ ಕಚೇರಿಗೆ ಎರಡು ಪುಟದ ದೂರು ಬರೆದು, ಆತನನ್ನೇ ಬದಲಾಯಿಸಿ ಎಂದು ಕೊನೆಗೆ ಸೇರಿಸಿದೆ.

ಮರುದಿನ ಪೇಪರ್ ಓದಲು ಬಂದ ಪೂವಮ್ಮ ಆಂಟಿ ನನ್ನ ಗೊಣಗಾಟ ಕೇಳಿಸಿಕೊಂಡರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ರಿಟೈರ್ ಆದವರು. "ಅದು ಹೇಳ್ತಾನೇ ಉಂಟು ಮಾರಾಯ್ತಿ, ನೀನು ನೋಡ್ಲಿಲ್ಲ ಅಷ್ಟೆ. ಪುನಃ ಸ್ಟಾರ್ಟ್ ಮಾಡು, ಚಕ್ರ ಬಂದಾಗ ಮೂಲೆಯ ಎಸ್ಕೇಪ್ ಕೀ ಒತ್ತು" ಎಂದರು.

ಒತ್ತಿದೆ. ಚಕ್ರ ಮಾಯವಾಗಿ ಇಂಗ್ಲಿಷಿನ ಸಾಲುಗಳು ಸರಸರನೆ ಮೇಲೇರತೊಡಗಿದವು, ಒಂದೊಂದರ ಮುಂದೂ ಹಸಿರು ಓಕೆ. ಇಷ್ಟನ್ನೂ ನನ್ನಿಂದ ಮುಚ್ಚಿಟ್ಟ ಆ ಚಕ್ರದ ಮೇಲೆ ಹೊಸದಾಗಿ ಸಿಟ್ಟು ಬಂತು. ಅಷ್ಟರಲ್ಲಿ ಓಟ ನಿಂತು, ಒಂದೇ ಸಾಲಿನಲ್ಲಿ ಕೆಂಪು ನಕ್ಷತ್ರಗಳು ಅತ್ತಿಂದಿತ್ತ ಓಡಾಡಿದವು. ಆಂಟಿ ಓದಿ ಹೇಳಿದರು: "ಯಾವುದೋ ಡಿಸ್ಕಿಗೆ ಕಾಯ್ತಾ ಉಂಟು. ಒಂದೂವರೆ ನಿಮಿಷ ಕಾದು, ಬರದಿದ್ರೆ ಬಿಟ್ಟು ಹೋಗ್ತದೆ." ಹಾಗೇ ಆಯಿತು. ಕಂಪ್ಯೂಟರ್ ಎದ್ದ ಮೇಲೆ ಅವರು ಏನೋ ಟೈಪ್ ಮಾಡಿ ಹಿಂದಿನ ದಿನಗಳಲ್ಲಿ ಅದು ಬರೆದಿಟ್ಟಿದ್ದ ಸಂದೇಶಗಳನ್ನೂ ತೆಗೆದರು. "ದಸರಾ ರಜೆಯ ಮುಂಚೆ ಡಿಸ್ಕ್ ಇತ್ತು ನೋಡು. ರಜೆ ಮುಗಿದ ಮೇಲೆ ಇಲ್ಲ. ತೆಗೆದದ್ದು ಯಾರು?"

ನಾನು. ಕಂಪ್ಯೂಟರಿನ ಹಿಂದೆ ಸಿಕ್ಕಿಸಿದ್ದ ಕರಿ ಡಬ್ಬಿಯಂಥ ಆ ಡಿಸ್ಕನ್ನು, ಮಗಳ ಮದುವೆಯ ಫೋಟೋ ತುಂಬಿಸಲೆಂದು 'ಎರಡು ದಿನದ ಮಟ್ಟಿಗೆ' ಮನೆಗೆ ಒಯ್ದಿದ್ದೆ. ಅದಿನ್ನೂ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿತ್ತು.

ಊಟದ ಬಿಡುವಿನಲ್ಲಿ ಓಡಿಹೋಗಿ ತಂದು ಸಿಕ್ಕಿಸಿದೆ. ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಎದ್ದು ಕೂತಿತು. ಹರೀಶನಿಗೆ ಫೋನ್ ಮಾಡಿ ಎಲ್ಲ ಹೇಳಿ, ತಪ್ಪಾಯಿತು ಎಂದೆ. "ಸಿಕ್ತಲ್ಲ ಮೇಡಂ, ಸಾಕು. ಆ ದೂರು ಮಾತ್ರ ವಾಪಸ್ ತೆಗೀರಿ" ಎಂದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೂಡಲೇ ಮೇಲಿನ ಕಚೇರಿಗೆ ಪತ್ರ ಬರೆಯಲು ಕೂತೆ. ಹರೀಶನದು ಏನೇನೂ ತಪ್ಪಿಲ್ಲ ಎಂದು ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ಬರೆದೆ. ಹಾಗಾದರೆ ತಡವಾಗುತ್ತಿದ್ದದ್ದು ಯಾಕೆ ಎಂದು ಅವರು ಕೇಳುತ್ತಾರಲ್ಲ. ಅರ್ಧ ಗಂಟೆ ಪೆನ್ನು ಕಚ್ಚಿದೆ. ಕೊನೆಗೆ 'ಕೆಲವು ತಾಂತ್ರಿಕ ಕಾರಣಗಳಿಂದ' ಎಂದು ಬರೆದು ಸಹಿ ಹಾಕಿದೆ.