ಮಿಲಿಗ್ರಾಂ ತಕ್ಕಡಿ ಹತ್ತಿದ್ದು

"ನೋಡ್ತಿರಿ, ಒಂದೇ ವರ್ಷ. ನಲವತ್ತು ಕೆಜಿ ಇಳಿಸಿ ತೋರಿಸ್ತೀನಿ. ಇದು ಬಾಯಿಮಾತಲ್ಲ, ನನ್ನ ಕೆಂಪು ಚೀಟಿ ಅಂಟಿಸಿದ ಮಾತು."

ತಕ್ಕಡಿ ರಿಪೇರಿ ಅಂಗಡಿಯ ಯಜಮಾನರು ಒಂದು ಸೋಮವಾರ ಬೆಳಿಗ್ಗೆ ಶಟರ್ ಎತ್ತುತ್ತಲೇ ಬೀದಿಗೆಲ್ಲ ಕೇಳುವಂತೆ ಹೀಗೆ ಘೋಷಿಸಿಬಿಟ್ಟರು. ಕೆಂಪು ಚೀಟಿ ಎಂದರೆ ಸಾಮಾನ್ಯವಲ್ಲ. ಊರಿನ ಯಾವುದೇ ತೂಕದ ಯಂತ್ರವನ್ನು ಅವರು ಬಿಚ್ಚಿ, ಒರೆಸಿ, ಕಬ್ಬಿಣದ ತೂಕದ ಬೊಟ್ಟುಗಳನ್ನಿಟ್ಟು ಪರೀಕ್ಷಿಸಿ, ಮುಚ್ಚಿದ ಮೇಲೆ ಅದರ ಸ್ಕ್ರೂವಿನ ಮೇಲೆ ಒಂದು ಕೆಂಪು ಚೀಟಿ ಅಂಟಿಸುತ್ತಿದ್ದರು. 'ಪರೀಕ್ಷಿಸಲಾಗಿದೆ, ಸರಿಯಾಗಿದೆ.' ಕೆಳಗೆ ಸಹಿ, ತಾರೀಕು, ಫೋನ್ ನಂಬರು. ಆ ಚೀಟಿ ಹರಿಯುವ ಧೈರ್ಯ ಇಡೀ ಊರಿನಲ್ಲಿ ಯಾರಿಗೂ ಇರಲಿಲ್ಲ. ಅರ್ಧ ಗ್ರಾಂ ಹೆಚ್ಚುಕಮ್ಮಿಯಾದರೆ ಅವರಿಗೆ ಊಟ ಸೇರುತ್ತಿರಲಿಲ್ಲ, ಅದಕ್ಕೇ ಊರವರು ಅವರಿಗೆ ಇಟ್ಟ ಹೆಸರು ಮಿಲಿಗ್ರಾಂ. ಊಟ ಸೇರದಿದ್ದ ದಿನಗಳು ವರ್ಷಕ್ಕೆ ಒಂದೋ ಎರಡೋ ಇದ್ದಿರಬೇಕು. ಏಕೆಂದರೆ ಮಿಲಿಗ್ರಾಂ ಅವರ ತೂಕ ನೂರಾ ಹದಿನೆಂಟು ಕಿಲೋ!

ತೂಕ ಇಳಿಸುವ ಆಪರೇಷನ್ನಿಗೆ ಅವರನ್ನು ಹೊರಡಿಸಿದ್ದು ಹೆಂಡತಿ. ಆಕೆ ಶಾಲೆಯಲ್ಲಿ ಲೆಕ್ಕದ ಟೀಚರ್. ಮಾತು ಕಡಿಮೆ, ಎಣಿಕೆ ಹೆಚ್ಚು. ನಿದ್ದೆಯಲ್ಲಿ ಗಂಡನ ಉಸಿರು ಆಗಾಗ ನಿಂತುಹೋಗುತ್ತದೆ ಎಂದು ಆಕೆ ಹೇಳಿದಾಗ, ಮಿಲಿಗ್ರಾಂ ಅದನ್ನು ಗೊರಕೆಯ ನಡುವಿನ ವಿರಾಮ ಎಂದು ತಳ್ಳಿಹಾಕಿದ್ದರು. ಡಾಕ್ಟರು ಹಾಗೆ ತಳ್ಳಿಹಾಕಲಿಲ್ಲ. ಜಠರವನ್ನು ಕತ್ತರಿಸಿ ಬಾಳೆಹಣ್ಣಿನಷ್ಟು ಮಾಡುತ್ತೇನೆ ಎಂದರು, ಜೊತೆಗೆ ಒಂದು ಷರತ್ತನ್ನೂ ಹಾಕಿದರು.

"ನಿಮ್ಮ ಲಿವರ್ ಕೊಬ್ಬು ತುಂಬಿ ಊದಿಕೊಂಡು ಹೊಟ್ಟೆಗೆ ಅಡ್ಡ ಕೂತಿದೆ. ಅದು ಕುಗ್ಗದೆ ನಾನು ಕತ್ತರಿ ಹಿಡಿಯಲ್ಲ. ಎರಡು ವಾರ ಬರೀ ಕುಡಿಯೋ ಆಹಾರ. ಆರು ಕೆಜಿ ಇಳಿಸ್ಕೊಂಡು ಬನ್ನಿ."

ಆರು ಕೆಜಿ! ದಿನಕ್ಕೆ ನೂರು ಬೊಟ್ಟು ಎತ್ತಿಡುವವರಿಗೆ ಆರು ಕೆಜಿ ಯಾವ ಲೆಕ್ಕ? ಮಿಲಿಗ್ರಾಂ ನಕ್ಕುಬಿಟ್ಟರು.

ಮೊದಲ ಮೂರು ದಿನ ಅವರು ತಪಸ್ವಿ. ತರಕಾರಿ ಬೇಯಿಸಿದ ತಿಳಿನೀರು, ಪುಡಿ ಕಲಸಿದ ಹಾಲು, ಮತ್ತೆ ತಿಳಿನೀರು. ಅಂಗಡಿಗೆ ಬಂದವರಿಗೆಲ್ಲ ಆತ್ಮಸಂಯಮದ ಮೇಲೆ ಪುಕ್ಕಟೆ ಪ್ರವಚನ. ನಾಲ್ಕನೆಯ ದಿನ ಎದುರಿನ ಬೇಕರಿಯ ತಕ್ಕಡಿ ಕೆಟ್ಟಿತು.

ಕರ್ತವ್ಯ ಕರೆದಾಗ ಹೋಗದಿರಲು ಸಾಧ್ಯವೇ? ಹೋದರು, ಬಿಚ್ಚಿದರು, ಸರಿಮಾಡಿದರು. ಪರೀಕ್ಷಿಸಲು ನೋಡಿದರೆ ಬೊಟ್ಟುಗಳು ಅಂಗಡಿಯಲ್ಲೇ ಉಳಿದಿವೆ. ಮತ್ತೆ ರಸ್ತೆ ದಾಟುವ ಬದಲು, ಈಗಷ್ಟೇ ಒಲೆಯಿಂದ ತೆಗೆದ ಬೆಣ್ಣೆ ಬನ್ನುಗಳನ್ನೇ ತಟ್ಟೆಗೆ ಇಡಿಸಿದರು. ಮುಳ್ಳು ಸರಿಯಾಗಿ ಅರ್ಧ ಕೆಜಿಗೆ ನಿಂತಿತು. ಪರೀಕ್ಷೆಗೆ ಬಳಸಿದ ಮಾಲನ್ನು ಮತ್ತೆ ಗಿರಾಕಿಗಳಿಗೆ ಮಾರುವುದು ವೃತ್ತಿಧರ್ಮವಲ್ಲ ಎಂದು ಅವರಿಗೆ ಆ ಕ್ಷಣದಲ್ಲಿ ಹೊಳೆಯಿತು. ಅದೇಕೋ ಆ ಬೇಕರಿಯ ತಕ್ಕಡಿಯನ್ನು ಆ ವಾರವೂ ಮುಂದಿನ ವಾರವೂ ದಿನ ತಪ್ಪದೆ ಪರೀಕ್ಷಿಸಬೇಕಾಯಿತು!

ದಿನಾ ತೂಕ ನೋಡಿಕೊಂಡರೆ ಮನಸ್ಸು ಕೆಡುತ್ತದೆ, ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಭಾನುವಾರ, ಒಂದೇ ಸಲ ನೋಡೋಣ ಎಂದು ಹೆಂಡತಿ ಮೊದಲೇ ಹೇಳಿದ್ದರು. ಶನಿವಾರ ಆಕೆ ಶಾಲೆಗೆ ಹೋದ ಮೇಲೆ ಮಿಲಿಗ್ರಾಂ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ತೂಕದ ಯಂತ್ರ ಹತ್ತಿದರು. ನೂರಾ ಹದಿನೆಂಟೂವರೆ. ಇಷ್ಟು ದಿನ ತಿಳಿನೀರು ಕುಡಿದದ್ದಕ್ಕೆ ಅರ್ಧ ಕೆಜಿ ಬೋನಸ್ಸು!

ಊರಿನ ಎಲ್ಲ ಯಂತ್ರಗಳಿಗೂ ಕೆಂಪು ಚೀಟಿ ಇತ್ತು, ಮನೆಯದಕ್ಕೆ ಮಾತ್ರ ಇರಲಿಲ್ಲ. ಮನೆಯವರ ಮೇಲೆ ಯಾರಾದರೂ ಅನುಮಾನಪಡುತ್ತಾರೆಯೇ? ಮಿಲಿಗ್ರಾಂ ಯಂತ್ರವನ್ನು ಬೋರಲು ಹಾಕಿದರು. ತಳದಲ್ಲಿ, ಸ್ಪ್ರಿಂಗಿನ ಪಕ್ಕದಲ್ಲಿ, ಒಂದು ಪುಟ್ಟ ಸ್ಕ್ರೂ. ಎಡಕ್ಕೆ ಒಂದು ಸುತ್ತು ತಿರುಗಿಸಿದರು, ನೂರಾ ಹದಿನಾರೂವರೆ. ಇನ್ನೊಂದು ಸುತ್ತು. ಮತ್ತೂ ಒಂದು. ಮುಳ್ಳು ನೂರಾ ಹನ್ನೆರಡರ ಹತ್ತಿರ ಬಂದು ವಿನಯದಿಂದ ನಿಂತಿತು. ಖಾಲಿ ಇದ್ದಾಗ ಸೊನ್ನೆ, ಮೇಲೆ ನಿಂತರೆ ನೂರಕ್ಕೆ ಐದು ಕಡಿಮೆ. ಮೂವತ್ತು ವರ್ಷದಲ್ಲಿ ಬೇರೆಯವರು ಇಂಥ ಕೆಲಸ ಮಾಡಿದಾಗಲೆಲ್ಲ ಹಿಡಿದು ಛೀಮಾರಿ ಹಾಕಿದವರು ಈಗ ಯಂತ್ರವನ್ನು ಸದ್ದಿಲ್ಲದೆ ಅದರ ಜಾಗಕ್ಕೆ ಸರಿಸಿದರು. ನಾಳೆ ಒಂದು ದಿನದ ಮಟ್ಟಿಗೆ ತಾನೇ, ಆಸ್ಪತ್ರೆಯಲ್ಲಿ ಯಾರು ಮತ್ತೆ ತೂಗುತ್ತಾರೆ ಎಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಭಾನುವಾರ ಅವರು ಯಂತ್ರ ಹತ್ತಿ ಮೀಸೆ ಸವರಿಕೊಂಡರು. ಹೆಂಡತಿ ಬಗ್ಗಿ ನೋಡಿ ಕ್ಯಾಲೆಂಡರಿನಲ್ಲಿ ಅಂಕಿ ಬರೆದರು. ಆಮೇಲೆ ಏನನ್ನಿಸಿತೋ, ತಾವೂ ಒಮ್ಮೆ ಹತ್ತಿ, ಮುಳ್ಳು ನೋಡಿ, ಸುಮ್ಮನೆ ಇಳಿದರು.

ಸೋಮವಾರ ಆಸ್ಪತ್ರೆ. ಹಿಂದೆ ದಾರ ಕಟ್ಟುವ ನಿಲುವಂಗಿ, ತಲೆಗೆ ಹಸಿರು ಟೋಪಿ. ಆ ಅಂಗಿ ಅವರಿಗೆ ಮುಂದಿನಿಂದ ಅಂಗಿ, ಹಿಂದಿನಿಂದ ಬರೀ ದಾರ. ಅದನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಿರುವಾಗ ಹೊಸದಾಗಿ ಬಂದ ನರ್ಸು ಮೂಲೆಯ ಯಂತ್ರ ತೋರಿಸಿ ಹತ್ತಿ ಎಂದರು. ಮಿಲಿಗ್ರಾಂ ಹತ್ತಿದರು.

ನೂರಾ ಹದಿನೆಂಟೂವರೆ.

"ಸಿಸ್ಟರ್, ಈ ಮೆಷಿನ್ ಸರಿ ಇಲ್ಲ," ಎಂದರು ಮಿಲಿಗ್ರಾಂ. ಬಾಯಿ ತಪ್ಪಿ ಬಂದ ಮಾತಲ್ಲ, ಜೀವ ಉಳಿಸಿಕೊಳ್ಳಲು ಬಂದ ಮಾತು.

"ಹೋದ ತಿಂಗಳಷ್ಟೇ ರಿಪೇರಿಯವರು ಬಂದು ನೋಡಿ ಹೋಗಿದಾರೆ ಸರ್. ಇಲ್ಲಿ ಅವರ ಕೆಂಪು ಚೀಟಿನೂ ಇದೆ. ಬೇಕಾದ್ರೆ ಅವರನ್ನೇ ಕೇಳೋಣ." ನರ್ಸು ಚೀಟಿಯ ಮೇಲಿನ ನಂಬರು ಒತ್ತಿದರು.

ಮಿಲಿಗ್ರಾಂ ಅವರ ಫೋನು ಹೆಂಡತಿಯ ಕೈಚೀಲದಲ್ಲಿತ್ತು. ಅದು ಅಲ್ಲೇ, ಎಲ್ಲರ ಎದುರಿಗೇ, ಹಾಡತೊಡಗಿತು. ಹೆಂಡತಿ ಅದನ್ನು ತೆಗೆದು, ಯಾರೆಂದು ನೋಡಿ, ಗಂಡನ ಕೈಗೆ ಕೊಟ್ಟರು.

"ರೀ, ನಿಮಗೆ ಫೋನು."

ನೆಲ ಬಿರಿದು ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ಆಸ್ಪತ್ರೆಯ ನೆಲ ಗಟ್ಟಿ. ಮಿಲಿಗ್ರಾಂ ಫೋನು ಕಿವಿಗಿಟ್ಟುಕೊಂಡರು. ಗೋಡೆಯ ಕಡೆ ತಿರುಗಿ ಮಾತಾಡುತ್ತಿದ್ದ ನರ್ಸು ಮೂರು ಅಡಿ ದೂರದಿಂದ, ಇಲ್ಲೊಬ್ಬರು ಪೇಷಂಟು ನಿಮ್ಮ ಮೆಷಿನ್ ಸರಿಯಿಲ್ಲ ಅಂತಿದ್ದಾರೆ, ನೀವೇ ಹೇಳಿ ಸರ್ ಎಂದು ಕೇಳಿದರು.

ಒಂದು ಕ್ಷಣ ಮಿಲಿಗ್ರಾಂ ಒದ್ದಾಡಿದರು. ಯಂತ್ರ ತಪ್ಪು ಎಂದರೆ ಮೂವತ್ತು ವರ್ಷದ ಕೆಂಪು ಚೀಟಿ ಇಂದಿಗೇ ಕಸ. ಸರಿ ಎಂದರೆ ಹೆಂಡತಿಯ ಎದುರು ತಾವೇ ಕಸ. ಹೆಂಡತಿ ಕಿಟಕಿಯ ಹೊರಗೆ ನೋಡುತ್ತಿದ್ದರು.

"ಮೆಷಿನ್ ಸರಿ ಇದೆ ಸಿಸ್ಟರ್," ಎಂದರು ಕೊನೆಗೆ. "ಪೇಷಂಟೇ ಸರಿ ಇಲ್ಲ."

ಮಾತು ಎರಡು ಕಡೆಯಿಂದ ಕೇಳಿಸಿದ್ದರಿಂದ ನರ್ಸು ಹಿಂತಿರುಗಿ ನೋಡಿದರು. ಆಮೇಲೆ ಆಕೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಔಷಧಿ ಕೋಣೆಗೆ ಓಡಿದ್ದು ಯಾವ ಔಷಧಿ ತರಲು ಎಂದು ಈವರೆಗೂ ತಿಳಿದಿಲ್ಲ.

ಡಾಕ್ಟರು ನಗಲಿಲ್ಲ. ಊದಿದ ಲಿವರಿನ ಅಡಿಯಲ್ಲಿ ಕತ್ತರಿ ಆಡಿಸುವಾಗ ಒಂದು ಸಲ ಕೈ ತಪ್ಪಿದರೆ ಏನಾಗುತ್ತದೆಂದು ಮೆಲ್ಲಗೆ ವಿವರಿಸಿ, ಆಪರೇಷನ್ನನ್ನು ಮೂರು ವಾರ ಮುಂದಕ್ಕೆ ಹಾಕಿದರು. ಕೇಳುತ್ತ ಕೇಳುತ್ತ ಮಿಲಿಗ್ರಾಂ ಅವರಿಗೆ ಟೋಪಿಯೊಳಗೇ ಬೆವರಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಹೆಂಡತಿ ತಾವಾಗಿಯೇ ಬಾಯಿಬಿಟ್ಟರು.

"ನನಗೆ ನಿನ್ನೇನೇ ಗೊತ್ತಾಯ್ತು. ಎರಡು ವಾರ ಮೂರು ಹೊತ್ತೂ ಹೊಟ್ಟೆ ತುಂಬ ಉಂಡವಳು ನಾನು. ನನಗೂ ಮೂರು ಕೆಜಿ ಇಳಿದಿತ್ತು. ನಿಮಗೆ ಆರು, ನನಗೆ ಮೂರು. ಇಬ್ಬರಿಗೂ ನೂರಕ್ಕೆ ಐದು. ನಮ್ಮ ಐದನೇ ಕ್ಲಾಸಿನ ಮಕ್ಕಳೂ ಹಿಡೀತಾರೆ ಅದನ್ನ."

ಮಿಲಿಗ್ರಾಂ ನಾಲಿಗೆ ಕಚ್ಚಿಕೊಂಡರು. ಹೆಂಡತಿಗೂ ತೂಕವಿದೆ ಎಂಬುದೇ ಅವರಿಗೆ ಮರೆತುಹೋಗಿತ್ತು.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವೇ ಹೇಳ್ತೀರಿ ಅಂತ ಕಾದೆ. ಆಮೇಲೆ, ಆಸ್ಪತ್ರೆ ಮೆಷಿನ್ನಿಗೆ ನಿಮ್ಮ ಚೀಟಿ ಇದೆ ಅಂತ ಗೊತ್ತಿತ್ತು. ಅದು ಸುಳ್ಳು ಹೇಳಲ್ಲ ಅಂತ ಧೈರ್ಯ." ಆಕೆ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು ಮುಂದುವರಿಸಿದರು. "ನಿಮ್ಮ ಉಸಿರು ನಿಂತಾಗ ನಾನು ಎಣಿಸ್ತಾ ಇರ್ತೀನಿ. ಒಂದು, ಎರಡು, ಮೂರು ಅಂತ. ಹೋದ ತಿಂಗಳು ಒಂದ್ಸಲ ಮೂವತ್ತೊಂದರ ತನಕ ಎಣಿಸಿದೆ. ಅದನ್ನ ಕಡಿಮೆ ಮಾಡೋ ಸ್ಕ್ರೂ ಎಲ್ಲಿದೆ ಹೇಳಿ, ನಾನೇ ತಿರುಗಿಸ್ತೀನಿ."

ಮಿಲಿಗ್ರಾಂ ಅವರಿಗೆ ಇಳಿಯುವ ಜಾಗ ಬಂದದ್ದೂ ತಿಳಿಯಲಿಲ್ಲ. ಮನೆಗೆ ಬಂದವರೇ ಯಂತ್ರವನ್ನು ಹೆಂಡತಿಯ ಮುಂದೆ ಬೋರಲು ಹಾಕಿ, ಸ್ಕ್ರೂವನ್ನು ಬಲಕ್ಕೆ ಮೂರು ಸುತ್ತು ತಿರುಗಿಸಿ ಸರಿಮಾಡಿದರು. ಒಂದು ಸುತ್ತಿಗೆ ಎರಡು ಕೆಜಿ ಎಂದು ತಪ್ಪೊಪ್ಪಿಗೆಯ ಜೊತೆ ತಾಂತ್ರಿಕ ವಿವರಣೆಯನ್ನೂ ಕೊಟ್ಟರು. ಹೆಂಡತಿ ಪಾಠ ಕೇಳುವ ಮಕ್ಕಳಂತೆ ಕೈಕಟ್ಟಿ ನೋಡಿದರು.

ಆ ಮೂರು ವಾರ ಬೇಕರಿಯ ತಕ್ಕಡಿಗೆ ಏನೂ ಆಗಲಿಲ್ಲ. ನೂರಾ ಹನ್ನೊಂದಕ್ಕೆ ಇಳಿದ ಮಿಲಿಗ್ರಾಂ ಅವರ ಹೊಟ್ಟೆಗೆ ಡಾಕ್ಟರು ಕತ್ತರಿ ಹಾಕಿದರು. ಎಚ್ಚರವಾದಾಗ ಜಠರ ಬಾಳೆಹಣ್ಣಾಗಿತ್ತು. ಕತ್ತರಿಸಿದ್ದು ಹೊಟ್ಟೆ, ನೋಯುತ್ತಿದ್ದದ್ದು ಮಾತ್ರ ಹೆಗಲು. ಒಳಗೆ ತುಂಬಿದ ಗಾಳಿ ಹಾಗೆ ಕಾಡುತ್ತದೆ, ನಡೆದರೆ ಹೋಗುತ್ತದೆ ಎಂದು ನರ್ಸು ಅವರನ್ನು ಸಲೈನ್ ಕಂಬದ ಸಮೇತ ಮೊಗಸಾಲೆಯಲ್ಲಿ ಮೆರವಣಿಗೆ ಮಾಡಿಸಿದರು. ಆ ನರ್ಸು ಯಾರೆಂದು ಹೇಳಬೇಕಾಗಿಲ್ಲ.

ಮನೆಗೆ ಬಂದ ಮೇಲೆ ರಾಜ್ಯಭಾರ ಹೆಂಡತಿಯದು. ಔಷಧಿ ಬಾಟಲಿಯ ಮುಚ್ಚಳದಂಥ ಒಂದು ಲೋಟ, ಅದರಲ್ಲಿ ಮೂವತ್ತು ಎಂಎಲ್ ನೀರು, ಕಾಲು ಗಂಟೆಗೊಮ್ಮೆ, ಗುಟುಕು ಗುಟುಕಾಗಿ. ಬನ್ನುಗಳನ್ನು ಅರ್ಧ ಕೆಜಿ ಲೆಕ್ಕದಲ್ಲಿ ಪರೀಕ್ಷಿಸಿದ ಮಹಾಪುರುಷರು ಎರಡು ಚಮಚ ಸೂಪಿಗೆ ಹೊಟ್ಟೆ ತುಂಬಿತೆಂದು ತೇಗಿದರು. ಒಂದು ದಿನ ಬೇಸರ ಕಳೆಯಲು ಆ ಲೋಟವನ್ನೇ ಅಳೆದು ನೋಡಿ, ಇದರಲ್ಲಿ ಇಪ್ಪತ್ತೆಂಟೇ ಎಂಎಲ್ ಹಿಡಿಯುತ್ತದೆ, ತಮಗೆ ಪ್ರತಿ ಸಲವೂ ಎರಡು ಎಂಎಲ್ ಮೋಸವಾಗಿದೆ ಎಂದು ದೂರು ಕೊಟ್ಟರು. ಹೆಂಡತಿ ಎರಡು ಹನಿ ಹೆಚ್ಚು ಹಾಕಿದರು. ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರಿಂದ ಬೊಟ್ಟುಗಳೂ ಇಲ್ಲ, ಅಂಗಡಿಯೂ ಇಲ್ಲ. ಭಾನುವಾರದ ತೂಕವೊಂದೇ ಅವರ ಹಬ್ಬ.

ಎರಡನೆಯ ವಾರಕ್ಕೆ ನೂರಾ ನಾಲ್ಕು! ಮಿಲಿಗ್ರಾಂ ಮತ್ತೆ ಮೀಸೆಗೆ ಕೈಹಾಕಿದರು. ಇಷ್ಟು ವೇಗದಲ್ಲಿ ಇಳಿದರೆ ತಾವು ಗಾಳಿಯಲ್ಲಿ ಹಾರಿಹೋಗುವ ಅಪಾಯವಿದೆ ಎಂದರು. ಡಾಕ್ಟರ ಪಟ್ಟಿಯಲ್ಲಿ ಗಟ್ಟಿ ಆಹಾರಕ್ಕೆ ಇನ್ನೂ ವಾರಗಳಿದ್ದವು, ಆದರೂ ಬೆಣ್ಣೆ ಬನ್ನಿನ ಒಂದು ಮೂಲೆಯನ್ನು, ಕೇವಲ ಮೂಲೆಯನ್ನು, ಹಾಲಿನಲ್ಲಿ ನೆನೆಸಿ ಕೊಟ್ಟರೆ ತಪ್ಪೇನು ಎಂದು ಹೆಂಡತಿಯನ್ನು ಕೇಳಿದರು. ಹೆಂಡತಿ ಆ ಪುಟ್ಟ ಲೋಟವನ್ನೇ ಅವರ ಮುಂದಿಟ್ಟರು.

ಮುಂದಿನ ಭಾನುವಾರ ನೂರಾ ನಾಲ್ಕು. ಅದರ ಮುಂದಿನ ಭಾನುವಾರವೂ ನೂರಾ ನಾಲ್ಕು. ಆಮೇಲೂ ಅದೇ. ಮಿಲಿಗ್ರಾಂ ಕಂಗಾಲಾದರು. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ, ಕೆಲವು ವಾರ ತೂಕ ಇಳಿಯದೆ ನಿಲ್ಲಬಹುದು, ಗಾಬರಿಯಾಗಬೇಡಿ ಎಂದಿತ್ತು. ಅದನ್ನು ಓದಿ ಓದಿ ಗಾಬರಿಯಾದರು. ಬನ್ನಿನ ಮಾತು ನಿಂತುಹೋಯಿತು. ಬೆಳಿಗ್ಗೆ ಒಂದು ಸುತ್ತು ನಡೆಯುತ್ತಿದ್ದವರು ಎರಡು ಸುತ್ತು ನಡೆದರು, ಆಮೇಲೆ ಸಂಜೆಯೂ ಹೊರಟರು. ಬೇಕರಿಯ ಎದುರು ಬಂದಾಗ ಮುಖ ಆಚೆ ತಿರುಗಿಸಿಕೊಂಡು ಹೋದರು. ಯಂತ್ರದ ಮೇಲೆ ಅನುಮಾನ? ಛೆ! ಅದನ್ನು ಸರಿಮಾಡಿದ್ದು ಸ್ವತಃ ಮಿಲಿಗ್ರಾಂ! ಕೊನೆಗೂ ಮುಳ್ಳು ಕರುಣೆ ತೋರಿ ಮೆಲ್ಲಗೆ ಇಳಿಯತೊಡಗಿತು.

ಮೂರು ತಿಂಗಳಿಗೆ ಆಸ್ಪತ್ರೆಯ ತಪಾಸಣೆ ಬಂತು. ಆ ಬೆಳಿಗ್ಗೆ ಮನೆಯಲ್ಲಿ ತೊಂಬತ್ತನಾಲ್ಕು ನೋಡಿಕೊಂಡು ಹೊರಟರು. ಆಸ್ಪತ್ರೆಯಲ್ಲಿ ಅದೇ ಮೂಲೆ, ಅದೇ ಯಂತ್ರ, ಅದೇ ಕೆಂಪು ಚೀಟಿ, ಅದೇ ನರ್ಸು. ಮಿಲಿಗ್ರಾಂ ಹತ್ತಿದರು.

ಎಂಬತ್ತೊಂಬತ್ತು.

"ಸಿಸ್ಟರ್, ಈ ಮೆಷಿನ್…" ಎಂದು ಶುರುಮಾಡಿದರು. ನರ್ಸು ಜೇಬಿನಿಂದ ಫೋನು ತೆಗೆದರು. ಮಿಲಿಗ್ರಾಂ ಕೈ ಅಡ್ಡ ಹಿಡಿದರು. ಯಂತ್ರ ಸರಿ ಇದೆ. ಹಾಗಾದರೆ? ಅವರು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದರು. ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದರು.

"ನೀನು ಮೆಷಿನ್ ಮುಟ್ಟಿದ್ಯಾ?"

"ಅವತ್ತು ಮೂರು ಸುತ್ತು ನೀವು ಕದ್ರಿ. ನಾನು ಮೂರು ಸುತ್ತು ಉಲ್ಟಾ ಹಾಕಿದೆ. ಒಂದೇ ಸಲ ಹಾಕಿದ್ರೆ ನಿಮಗೆ ಗೊತ್ತಾಗೋದು. ವಾರಕ್ಕೆ ಎರಡು ಕೆಜಿ ಇಳೀತಿದ್ರಿ, ವಾರಕ್ಕೊಂದು ಸುತ್ತು ತಿರುಗಿಸಿದೆ. ನೂರಾ ನಾಲ್ಕಕ್ಕೇ ನೀವು ಬನ್ನು ಕೇಳಿದ್ರಲ್ಲ. ತೊಂಬತ್ತೆಂಟು ಅಂತ ತೋರಿಸಿದ್ರೆ ಬೇಕರಿನೇ ಕೇಳ್ತಿದ್ರಿ."

ಊರಿನ ಕಳ್ಳ ತಕ್ಕಡಿಗಳನ್ನೆಲ್ಲ ಹಿಡಿದವರನ್ನು ಅವರ ಮನೆಯ ತಕ್ಕಡಿಯೇ ಎರಡು ತಿಂಗಳು ಏಮಾರಿಸಿತ್ತು! ಸಿಟ್ಟು ಮಾಡಬೇಕೆಂದುಕೊಂಡರು. ಆಗ ಹೆಂಡತಿಯ ಮುಖ ಕಣ್ಣಿಗೆ ಬಿತ್ತು. ಕಣ್ಣಿನ ಕೆಳಗೆ ವರ್ಷಗಟ್ಟಲೆ ಇದ್ದ ಕಪ್ಪು ಇರಲಿಲ್ಲ.

"ಈಗಲೂ ಎಣಿಸ್ತೀಯಾ?" ಎಂದು ಕೇಳಿದರು.

"ಶುರು ಮಾಡ್ತೀನಿ. ಐದು ಬರೋಷ್ಟರಲ್ಲಿ ನನಗೇ ನಿದ್ದೆ ಬಂದ್ಬಿಡತ್ತೆ."

ಮಿಲಿಗ್ರಾಂ ಸಿಟ್ಟನ್ನು ಅಲ್ಲೇ ಇಳಿಸಿದರು. ಆದರೂ ವೃತ್ತಿಯ ಮರ್ಯಾದೆ ಎನ್ನುವುದೊಂದು ಇದೆಯಲ್ಲ? ಮನೆಗೆ ಬಂದವರೇ ಸ್ಕ್ರೂಡ್ರೈವರ್ ಹಿಡಿದು ಯಂತ್ರವನ್ನು ಬೋರಲು ಹಾಕಿದರು. ಸ್ಕ್ರೂ ಕಾಣಲಿಲ್ಲ. ಅದರ ಮೇಲೆ ಅವರದೇ ಅಂಗಡಿಯ ಒಂದು ಕೆಂಪು ಚೀಟಿ ಅಚ್ಚುಕಟ್ಟಾಗಿ ಅಂಟಿಕೊಂಡಿತ್ತು. 'ಪರೀಕ್ಷಿಸಲಾಗಿದೆ, ಸರಿಯಾಗಿದೆ.' ಕೆಳಗೆ ಲೆಕ್ಕದ ಟೀಚರ ದುಂಡು ಅಕ್ಷರದ ಸಹಿ.

ಮೂವತ್ತು ವರ್ಷ ಊರಿಗೆಲ್ಲ ಕೆಂಪು ಚೀಟಿ ಹರಿಯಬೇಡಿ ಎಂದು ಬುದ್ಧಿ ಹೇಳಿದವರು ಸ್ಕ್ರೂಡ್ರೈವರನ್ನು ಜೇಬಿಗೆ ಸೇರಿಸಿ, ಯಂತ್ರವನ್ನು ಮೊದಲಿದ್ದ ಜಾಗದಲ್ಲೇ ಇಟ್ಟರು. ಹಾಗಾಗಿ ಊರಿಗೆಲ್ಲ ಎಂಬತ್ತೊಂಬತ್ತು ಕಿಲೋ ಇರುವ ಮಿಲಿಗ್ರಾಂ, ಮನೆಯಲ್ಲಿ ಮಾತ್ರ ಇಂದಿಗೂ ತೊಂಬತ್ತನಾಲ್ಕು.